ಪೌರೋಹಿತ್ಯ ಮಾಡುವವರು ಮುಪ್ಪಿಗೆ ದುಡ್ಡು ಉಳಿಸುವುದು ಹೇಗೆ?

ಗೋಕರ್ಣದಲ್ಲಿ ಪೌರೋಹಿತ್ಯ ಮಾಡುವ ತಮ್ಮನಿಗೆ 35 ವರ್ಷ, ಪಿಎಫ್ ಇಲ್ಲ, ಪಿಂಚಣಿಯೂ ಇಲ್ಲ, ಏನು ಮಾಡಬಹುದು ಅಂತ ಕೇಳಿದ್ದೀರಿ.

ನಮ್ಮದೂ ಶಿರಸಿ ಕಡೆಯ ಭಟ್ಟರ ಮನೆ. ಸಂಜೆ ಅಪ್ಪಯ್ಯ ಶಲ್ಯದ ಗಂಟು ಬಿಚ್ಚಿದರೆ ಅಡಿಕೆ, ನಾಣ್ಯ, ವೀಳ್ಯದೆಲೆಗೆ ಅಂಟಿದ ಒದ್ದೆ ನೋಟು ಎಲ್ಲ ಒಟ್ಟಿಗೆ ಬೀಳುತ್ತಿದ್ದವು. ಮದುವೆ, ಉಪನಯನದ ತಿಂಗಳಲ್ಲಿ ಕೈತುಂಬ. ಆಷಾಢದ ಮಳೆಯಲ್ಲಿ ಖಾಲಿ. ತಿಂಗಳ ಕಂತು ಕಷ್ಟವಾಗುವುದು ಇದಕ್ಕೇ.

ಅಟಲ್ ಪಿಂಚಣಿ ಯೋಜನೆಗೆ 40 ವರ್ಷದೊಳಗೆ ಸೇರಬೇಕು. 35ಕ್ಕೆ ಸೇರಿ ತಿಂಗಳಿಗೆ 902 ರೂಪಾಯಿ ಕಟ್ಟಿದರೆ, 60 ತುಂಬಿದ ಮೇಲೆ ತಿಂಗಳಿಗೆ 5,000 ಬರುತ್ತದೆ. ಅವನ ನಂತರ ಹೆಂಡತಿಗೂ ಅಷ್ಟೇ. ಕಂತನ್ನು ಆರು ತಿಂಗಳಿಗೊಮ್ಮೆ ಕಟ್ಟಬಹುದು, ನಮ್ಮಂಥವರಿಗೆ ಅದೇ ಅನುಕೂಲ. ಆದಾಯ ತೆರಿಗೆ ಕಟ್ಟುವವರಾದರೆ ಸೇರುವಂತಿಲ್ಲ.

ಆದರೆ 5,000ದಲ್ಲಿ ಸಂಸಾರ ಸಾಗದು, ಅಲ್ವಾ? ಅಂಚೆ ಕಚೇರಿಯಲ್ಲಿ ಒಂದು ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆಯೂ ಇರಲಿ. ಅವಧಿ 15 ವರ್ಷ. ವರ್ಷಕ್ಕೆ ಕನಿಷ್ಠ 500, ಹೆಚ್ಚೆಂದರೆ 1.5 ಲಕ್ಷ, ದುಡ್ಡು ಬಂದಾಗ ಹಾಕಿದರಾಯಿತು. ಗೋಕರ್ಣದಲ್ಲಿ ಪಿತೃಪಕ್ಷಕ್ಕೆ ಕೆಲಸ ಜಾಸ್ತಿ, ಆ ಹದಿನೈದು ದಿನದ ದಕ್ಷಿಣೆಯಲ್ಲಿ ಒಂದು ಪಾಲನ್ನು ನೇರ ಅಲ್ಲಿಗೇ ಕಟ್ಟಲು ಹೇಳಿ.