ಶೆಡ್‌ಗೂ ಬ್ರೇಸ್, ಕೈಗೂ ಬ್ರೇಸ್: ಯಾವುದಕ್ಕೆ ಯಾವುದು?

ಶೆಡ್ ಹಾಕಿಸುತ್ತಿದ್ದೀರಿ, ಬ್ರೇಸಿಂಗ್‌ಗೆ, ಅಂದರೆ ಅಲುಗದ ಹಾಗೆ ಹಾಕುವ ಓರೆ ಪಟ್ಟಿಗಳಿಗೆ, ಬೇರೆ ದುಡ್ಡು ಕೇಳಿದ್ದಾರೆ. ಮಣಿಕಟ್ಟು ನೋವಿಗೂ ಬ್ರೇಸ್ ಹಾಕಿ ಅಂದಿದ್ದಾರೆ. ಎರಡಕ್ಕೂ ಯಾವ ಬಗೆಯದು ಬೇಕು ಎಂದು ಕೇಳಿದ್ದೀರಿ. ನಾನು ಫ್ಯಾಬ್ರಿಕೇಶನ್ ಕೆಲಸದವನು, ಕೈಗೂ ಬ್ರೇಸ್ ಕಟ್ಟಿಕೊಂಡಿದ್ದವನು. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ನೋಡಬೇಕಾದ್ದು, ಯಾವ ಅಲುಗಾಟ ನಿಲ್ಲಬೇಕು ಅನ್ನೋದು. ನಾಲ್ಕು ಕಬ್ಬಿಣದ ಪಟ್ಟಿ ಚೌಕವಾಗಿ ಜೋಡಿಸಿ, ಮೂಲೆಗೊಂದು ಬೋಲ್ಟ್ ಹಾಕಿ. ಒಂದು ಬೆರಳಲ್ಲಿ ತಳ್ಳಿದರೂ ಸೊಟ್ಟಗಾಗುತ್ತದೆ. ಮೂಲೆಯಿಂದ ಮೂಲೆಗೆ ಐದನೇ ಪಟ್ಟಿ ಹಾಕಿ, ಜಗ್ಗೋದೇ ಇಲ್ಲ. ಶೆಡ್‌ಗೆ ಗಾಳಿ ಬಡಿದಾಗಲೂ ಇದೇ ಆಗೋದು.

ತೆಳು ರಾಡ್ ಹಾಕಿದರೆ ಎರಡು ಬೇಕು, ಗುಣಾಕಾರದ ಗುರುತಿನ ಹಾಗೆ. ರಾಡ್ ಎಳೆತ ತಡೆದುಕೊಳ್ಳುತ್ತದೆ, ಒತ್ತಿದರೆ ಬಾಗುತ್ತದೆ. ಗಾಳಿ ಈ ಕಡೆಯಿಂದ ಬಂದರೆ ಒಂದು ಬಿಗಿಯಾಗುತ್ತದೆ, ಆ ಕಡೆಯಿಂದ ಬಂದರೆ ಇನ್ನೊಂದು. ಬಾಗಿಲು ಬರುವ ಕಡೆ ಅಡ್ಡ ಬರುತ್ತದಲ್ವಾ? ಅಲ್ಲಿ ಕಂಬಕ್ಕೂ ತೊಲೆಗೂ ಮೂಲೆಯಲ್ಲಿ ಗಿಡ್ಡ ಓರೆ ಕಬ್ಬಿಣದ ಆಂಗಲ್ ಕೊಡುತ್ತೇವೆ, ಅದಕ್ಕೆ ಇಂಗ್ಲಿಷಲ್ಲಿ ‘ನೀ (knee) ಬ್ರೇಸ್’ ಅಂತಾರೆ. ಗೋಡೆ ಪಕ್ಕ ಹಾಕಿ ಚಾವಣಿಯಲ್ಲಿ ಬಿಟ್ಟುಬಿಡುವವರು ಜಾಸ್ತಿ. ಅದನ್ನು ಕೇಳಿ ಹಾಕಿಸಿಕೊಳ್ಳಿ, ಈ ದುಡ್ಡು ಉಳಿಸಬೇಡಿ. ಶಿಕಾಗೋದಲ್ಲಿ 1969ರಲ್ಲಿ ಮುಗಿದ ನೂರು ಮಹಡಿಯ ಜಾನ್ ಹ್ಯಾನ್‌ಕಾಕ್ ಕಟ್ಟಡದ ಫೋಟೋ ನೋಡಿ. ಢಾಕಾದಲ್ಲಿ ಓದಿದ ಎಂಜಿನಿಯರ್ ಫಜ್ಲುರ್ ರೆಹಮಾನ್ ಖಾನ್ ಇದೇ ಓರೆ ಪಟ್ಟಿಗಳನ್ನು ಹೊರಗೆ ಕಾಣುವ ಹಾಗೇ ಇಟ್ಟರು. ನನಗೆ ಆ ಫೋಟೋ ಅಂದರೆ ಪ್ರಾಣ.

ಇನ್ನು ಕೈ. ಕಬ್ಬಿಣ ಉಜ್ಜುವ ಗ್ರೈಂಡರ್ ಹಿಡಿದು ಹಿಡಿದು ನನಗೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿತ್ತು. ಮೆಡಿಕಲ್ ಶಾಪಿನಿಂದ ಸುಮ್ನೆ ಎಲಾಸ್ಟಿಕ್ ಪಟ್ಟಿ ತಂದೆ. ಬಿಗಿ ಆಯಿತೇ ಹೊರತು ನಿದ್ದೆಯಲ್ಲಿ ಮಣಿಕಟ್ಟು ಮಡಚೋದು ನಿಲ್ಲಲಿಲ್ಲ. ಮಡಚಿದಾಗಲೇ ಅಲ್ಲಿನ ನರ ಅದುಮಿಕೊಳ್ಳೋದು. ಆಮೇಲೆ ಅಂಗೈ ಕಡೆ ಅಲ್ಯೂಮಿನಿಯಂ ಪಟ್ಟಿ ಇರುವ ಗಟ್ಟಿ ಬ್ರೇಸ್, ಅಂದರೆ ಸ್ಪ್ಲಿಂಟ್, ತಂದೆ. ಆ ಪಟ್ಟಿ ಹಿಂದಕ್ಕೆ ಬಾಗಿತ್ತು. ಫಿಸಿಯೋಥೆರಪಿಯವರು ಅದನ್ನು ಎಳೆದು ಕೈಯಲ್ಲೇ ನೇರ ಮಾಡಿ, ಮತ್ತೆ ತೂರಿಸಿ ಕೊಟ್ಟರು. ರಾತ್ರಿ ಮಾತ್ರ ಹಾಕುತ್ತಿದ್ದೆ. ಕೆಲವು ವಾರಗಳಲ್ಲಿ ನಿದ್ದೆ ಸರಿಯಾಯಿತು.

ನೋವು ಹೆಬ್ಬೆರಳಿನ ಬುಡದ ಕಡೆ, ಮಗು ಎತ್ತುವಾಗ, ಬಟ್ಟೆ ಹಿಂಡುವಾಗ ಬಂದರೆ ಇದು ಸಾಲದು. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಬ್ರೇಸ್ ಬೇಕು. ಮೊಣಕೈ ಹೊರಮಗ್ಗುಲಿನ ನೋವಿಗೆ ಸಣ್ಣ ಪಟ್ಟಿ ಬರುತ್ತದೆ, ಅದನ್ನು ಮೊಣಕೈಗಿಂತ ಸ್ವಲ್ಪ ಕೆಳಗೆ ಕಟ್ಟಬೇಕು.

ಜೋಮು ಹಗಲೂ ಬಿಡದಿದ್ದರೆ, ಲೋಟ ಕೈಜಾರುತ್ತಿದ್ದರೆ, ಬ್ರೇಸ್ ನಂಬಿಕೊಂಡು ಕೂರಬೇಡಿ. ಮೂಳೆ ಡಾಕ್ಟರ ಹತ್ತಿರ ಬೇಗ ತೋರಿಸಿ.