ಫ್ರೆಟರ್ನಿಟಿಯ ನಿಯಮ ಮಾಡುವವರು ಯಾರು?

ಮಗ ಅಮೆರಿಕದ ಕಾಲೇಜಿನಲ್ಲಿ ಫ್ರೆಟರ್ನಿಟಿ (ಕಾಲೇಜು ಹುಡುಗರ ಸಹೋದರ ಸಂಘ) ಸೇರುತ್ತೇನೆ ಅನ್ನುತ್ತಿದ್ದಾನೆ, ಪ್ಲೆಡ್ಜ್‌ಗಳಿಗೆ, ಅಂದರೆ ಇನ್ನೂ ದೀಕ್ಷೆಯಾಗದ ಹೊಸಬರಿಗೆ, ಇರುವ ನಿಯಮಗಳು ಆಯಾ ಕಾಲೇಜಿನ ಹುಡುಗರು ಮಾಡಿಕೊಂಡವೋ, ದೇಶಕ್ಕೆಲ್ಲ ಒಂದೇನೋ ಎಂದು ಕೇಳಿದ್ದೀರಿ. ಒಂದೊಂದು ಫ್ರೆಟರ್ನಿಟಿಗೂ ಅದರದೇ ಬರೆದಿಟ್ಟ ನಿಯಮ, ಅದು ದೇಶಕ್ಕೆಲ್ಲ ಒಂದೇ. ನಡೆಯುವುದು ಮಾತ್ರ ಆಯಾ ಮನೆಯದು, ಅಂದರೆ ಆ ಕ್ಯಾಂಪಸ್ಸಿನ ಹುಡುಗರು ಒಟ್ಟಿಗಿರುವ ಸಂಘದ ಮನೆಯದು.

ನಾನು ಅಲ್ಲಿ ಎಂ.ಎಸ್. ಮಾಡುವಾಗ ನಮ್ಮ ಲ್ಯಾಬಿಗೆ ಬರುತ್ತಿದ್ದ ಡಿಗ್ರಿ ಹುಡುಗನೊಬ್ಬ ತನ್ನ ಚಾಪ್ಟರಿನ ಖಜಾಂಚಿಯಾಗಿದ್ದ. ಚಾಪ್ಟರ್ ಅಂದರೆ ಒಂದು ಕ್ಯಾಂಪಸ್ಸಿನ ಶಾಖೆ. ನಮ್ಮ ಶಾಖಾಮಠಗಳಿದ್ದ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಪೀಠದಲ್ಲಿ ಕೂರುವವರನ್ನು ಶಾಖೆಗಳೇ ಆರಿಸುತ್ತವೆ. ಚಾಪ್ಟರ್‌ಗಳು ರಾಷ್ಟ್ರೀಯ ಅಧಿವೇಶನಕ್ಕೆ ಪ್ರತಿನಿಧಿಗಳನ್ನು ಕಳಿಸುತ್ತವೆ. ಬೈಲಾ, ದೀಕ್ಷಾವಿಧಿಯ ಪಠ್ಯ, ಇಂಥವು ಬದಲಾಗುವುದು ಸಾಮಾನ್ಯವಾಗಿ ಅಲ್ಲಿನ ಮತದಿಂದ. ಉಳಿದ ದಿನಗಳಲ್ಲಿ ಆಯ್ಕೆಯಾದ ಮಂಡಳಿಯದೇ ಮಾತು. 2014ರ ಮಾರ್ಚಿನಲ್ಲಿ ಸಿಗ್ಮಾ ಆಲ್ಫಾ ಎಪ್ಸಿಲಾನ್ ಎಂಬ ಫ್ರೆಟರ್ನಿಟಿಯ ಮಂಡಳಿ ಪ್ಲೆಡ್ಜ್ ಎಂಬ ಹಂತವನ್ನೇ ಎಲ್ಲ ಚಾಪ್ಟರ್‌ಗಳಲ್ಲೂ ಕಿತ್ತುಹಾಕಿತು. ಆಹ್ವಾನ ಒಪ್ಪಿದವನಿಗೆ 96 ಗಂಟೆಯೊಳಗೆ ದೀಕ್ಷೆ, ಅಷ್ಟೇ. ಕಪ್ಪು ವಿದ್ಯಾರ್ಥಿಗಳ ಎಂಟು ಸಂಘಗಳು 1990ರಲ್ಲೇ ಪ್ಲೆಡ್ಜಿಂಗ್ ಕೈಬಿಟ್ಟಿದ್ದವು.

ದೀಕ್ಷೆಗೆ ಹೆದರಬೇಡಿ. ಪ್ರಮಾಣ, ಗುಟ್ಟಿನ ಕೈಕುಲುಕು, ಧ್ಯೇಯವಾಕ್ಯ, ಇವೆಲ್ಲ 1776ರ ಫೈ ಬೀಟಾ ಕಪ್ಪಾ ಎಂಬ ವಿದ್ಯಾರ್ಥಿ ಸಂಘದ ಕಾಲದಿಂದ ಬಂದ ಸಂಪ್ರದಾಯ. ಪುಸ್ತಕದಲ್ಲಿರುವ ವಿಧಿ ಆಕಳಿಕೆ ಬರುವಷ್ಟು ಗಂಭೀರ ಎಂದು ಖಜಾಂಚಿಯೇ ನಗುತ್ತಿದ್ದ. ಪ್ರಾಣಕ್ಕೆ ಎರವಾಗುವುದು ಪುಸ್ತಕದಲ್ಲಿಲ್ಲದ ರಾತ್ರಿಗಳು. 2017ರ ಫೆಬ್ರುವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಫ್ರೆಟರ್ನಿಟಿಯ ಮನೆಯಲ್ಲಿ ಹೊಸಬರಿಗೆ ಒತ್ತಾಯದಿಂದ ಕುಡಿಸಿದರು. 19ರ ಹುಡುಗನೊಬ್ಬ ಮೆಟ್ಟಿಲಿಂದ ಬಿದ್ದ, ಬೆಳಗಿನವರೆಗೂ ಯಾರೂ ಆಂಬುಲೆನ್ಸ್ ಕರೆಯಲಿಲ್ಲ, ಉಳಿಯಲಿಲ್ಲ. ಕಾಗದದ ಮೇಲೆ ಅದು ಮದ್ಯ ನಿಷೇಧವಿದ್ದ ಮನೆ!

ಕೇಂದ್ರ ಕಚೇರಿಯ ಕೈಯಲ್ಲಿರುವ ದೊಣ್ಣೆ ಎರಡು: ಚಾರ್ಟರ್ (ಶಾಖೆ ನಡೆಸುವ ಅನುಮತಿಪತ್ರ) ಕಸಿದುಕೊಳ್ಳುವುದು, ವಿಮೆ. ನಿಯಮ ಮುರಿದು ಅನಾಹುತವಾದರೆ ವಿಮೆಯ ಆಸರೆ ತಪ್ಪುವ ಭಯ, ಹಾಗಾಗಿ ನಿಯಮಗಳ ಭಾಷೆಯೂ ವಕೀಲರ ನೋಟಿಸಿನಂತೆ ಇರುತ್ತದೆ. ಕಚೇರಿಯಿಂದ ತಪಾಸಣೆಗೆ ಬರುವ ವಾರ ಖಜಾಂಚಿ ಲ್ಯಾಬಿಗೆ ಚಕ್ಕರ್, ಮನೆ ಗುಡಿಸುವುದೇ ಕೆಲಸ. ನಮ್ಮಲ್ಲಿ ನ್ಯಾಕ್ ತಂಡ ಬರುವಾಗ ಕಾಲೇಜಿಗೆ ಸುಣ್ಣ ಬಳಿಯುತ್ತಾರಲ್ಲ, ಹಾಗೆ.

2024ರ ಡಿಸೆಂಬರಿನಲ್ಲಿ ಅಲ್ಲಿ ಕ್ಯಾಂಪಸ್ ರ್‍ಯಾಗಿಂಗ್ ತಡೆಗೆ ಒಕ್ಕೂಟ ಸರ್ಕಾರದ ಕಾನೂನು ಬಂದಿದೆ. ತಪ್ಪಿತಸ್ಥ ಸಂಘಗಳ ವರದಿಯನ್ನು ಕಾಲೇಜುಗಳೇ ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನು ತೆಗೆದು ನೋಡಿ. ಫ್ರೆಟರ್ನಿಟಿಯ ದೊಡ್ಡ ಹೆಸರಿಗಿಂತ ಆ ಕ್ಯಾಂಪಸ್ಸಿನ ಚಾಪ್ಟರ್ ಏನು ಮಾಡಿದೆ ಎಂದು ಹುಡುಕಿ. ಮಗನನ್ನು ಇದೊಂದು ಕೇಳಿ: ಆಹ್ವಾನ ಒಪ್ಪಿದ ದಿನದಿಂದ ದೀಕ್ಷೆಯವರೆಗೆ ಎಷ್ಟು ದಿನ, ಆ ದಿನಗಳಲ್ಲಿ ಏನೇನು ಮಾಡಿಸುತ್ತಾರೆ?