ಗೋದಲಿ ಇದ್ದದ್ದು ಮನೆಯೊಳಗೇ: ಕ್ರಿಸ್‌ಮಸ್ ಬಗ್ಗೆ ನಿಮ್ಮ ನಾಲ್ಕು ಪ್ರಶ್ನೆಗಳು

ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಯೇಸುಸ್ವಾಮಿಯ ಜನನದ ಬಗ್ಗೆಯೇ ಇದ್ದವು. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಗಿದೆ. ಆ ತಾಯಿಯ ಪತ್ರ ಓದಿದ ಮೇಲೆ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ.

ಪ್ರಶ್ನೆ: ಫಾದರ್, ನಮ್ಮದು ಕಾರವಾರ. ಚಿಕ್ಕವನಿದ್ದಾಗಿಂದ ನಮ್ಮ ಮನೆಯ ಗೋದಲಿ (ಯೇಸು ಹುಟ್ಟಿದ ದೃಶ್ಯದ ಮಾದರಿ) ಕಟ್ಟುತ್ತಿದ್ದವನು ಮಗನೇ. ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಈ ಸಲ ಕಟ್ಟುವುದಿಲ್ಲ ಅಂದುಬಿಟ್ಟ. "ಅಮ್ಮ, ಇದೆಲ್ಲ ಆಮೇಲೆ ಸೇರಿಸಿದ ಕತೆ. ತಾರೀಕೇ ಸರಿ ಇಲ್ಲ. ಮತ್ತಾಯ ಒಂದು ಹೇಳಿದರೆ ಲೂಕ ಇನ್ನೊಂದು ಹೇಳ್ತಾನೆ" ಅಂತಾನೆ. ನನಗೆ ಉತ್ತರ ಕೊಡಲು ಬರಲಿಲ್ಲ. ಈ ಕತೆ ನಿಜ ಅಲ್ವಾ? ನಿಜ ಅಲ್ಲದಿದ್ದರೆ ನಮ್ಮ ವಿಶ್ವಾಸದ ಗತಿ ಏನು?

ಉತ್ತರ: ಅಮ್ಮಾ, ಮೊದಲು ಮಗನ ಮೇಲಿನ ಬೇಸರ ಬಿಡಿ. ಯೇಸುವಿನ ಜೀವನಕತೆ, ಅಂದರೆ ಶುಭಸಂದೇಶ, ಬರೆದ ಮತ್ತಾಯರದ್ದೂ ಲೂಕರದ್ದೂ ಬೇರೆ ಬೇರೆ ಅಂತ ಹೇಳಬೇಕಾದರೆ ಅವನು ಎರಡನ್ನೂ ಓದಿರಬೇಕು. ಪ್ರತಿ ವರ್ಷ ಪೂಜೆಗೆ ಬರುವ ಎಷ್ಟೋ ಜನ ಇಷ್ಟು ಗಮನ ಕೊಟ್ಟು ಓದಿರುವುದಿಲ್ಲ.

ಅವನು ಹೇಳಿದ್ದರಲ್ಲಿ ಸತ್ಯ ಇದೆ. ಯೇಸು ಹುಟ್ಟಿದ ತಾರೀಕು ಶುಭಸಂದೇಶದಲ್ಲಿ ಎಲ್ಲೂ ಇಲ್ಲ. ರೋಮ್ ನಗರದ 354ರ ಒಂದು ಪಂಚಾಂಗದಲ್ಲಿ ಡಿಸೆಂಬರ್ 25ರ ಉಲ್ಲೇಖ ಸಿಗುತ್ತದೆ. ಪೂರ್ವ ದೇಶಗಳ ಎಷ್ಟೋ ಕಡೆ ಮೊದಲು ಜನವರಿ 6ರಂದು ಈ ಹಬ್ಬ ಮಾಡುತ್ತಿದ್ದರು. ಅರ್ಮೇನಿಯದ ಧರ್ಮಸಭೆ ಇವತ್ತಿಗೂ ಅದೇ ದಿನ ಮಾಡುತ್ತದೆ. ಇನ್ನೊಂದು ಕಷ್ಟದ ವಿಷಯವೂ ಇದೆ. ಹೆರೋದ ರಾಜ ಸತ್ತದ್ದು ಕ್ರಿಸ್ತಪೂರ್ವ 4ರಲ್ಲಿ ಅಂತ ಹೆಚ್ಚಿನ ಇತಿಹಾಸಕಾರರ ಲೆಕ್ಕ. ಯೇಸು ಹುಟ್ಟಿದಾಗ ಅವನು ಬದುಕಿದ್ದ ಅಂತ ಮತ್ತಾಯರು ಹೇಳುತ್ತಾರೆ. ಯೇಸು ಹುಟ್ಟಿದ ಸಮಯದ್ದು ಅಂತ ಲೂಕರು ಹೇಳುವ, ರೋಮಿನ ಅಧಿಕಾರಿ ಕುರೇನ್ಯನ ಜನಗಣತಿ ನಡೆದದ್ದು ಕ್ರಿಸ್ತಶಕ 6ರಲ್ಲಿ. ನಡುವೆ ಸುಮಾರು ಹತ್ತು ವರ್ಷದ ಅಂತರ. ಇದನ್ನು ಸರಿಹೊಂದಿಸಲು ವಿದ್ವಾಂಸರು ಏನೇನೋ ವಿವರಣೆ ಕೊಟ್ಟಿದ್ದಾರೆ. ಯಾವುದೂ ನನಗೆ ಪೂರ್ತಿ ಸಮಾಧಾನ ತಂದಿಲ್ಲ. ಹಾಗಂತ ಮಗನ ಮುಂದೆ ಹೇಳಲು ನಾಚಿಕೆ ಪಡಬೇಡಿ.

ನಮ್ಮ ಗೋದಲಿಯ ಎತ್ತು, ಕತ್ತೆ ಕೂಡ ಲೂಕರ ಕತೆಯಲ್ಲಿ ಇಲ್ಲ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಗೋದಲಿ ಗೊತ್ತು, ನನ್ನ ಜನರಿಗೆ ಮಾತ್ರ ಗೊತ್ತಿಲ್ಲ ಅಂತ ಯೆಶಾಯ ಪ್ರವಾದಿ ನೊಂದು ಹೇಳಿದ ಮಾತು ಇದೆಯಲ್ಲ, ಅಲ್ಲಿಂದ ಅವು ನಡೆದು ಬಂದವು. ನಕ್ಷತ್ರ ನೋಡಿ ಕೂಸನ್ನು ಕಾಣಲು ಬಂದ ಜೋಯಿಸರು ಮೂವರು ಅಂತಲೂ ಮತ್ತಾಯರು ಬರೆದಿಲ್ಲ. ಕಾಣಿಕೆ ಮಾತ್ರ ಮೂರು: ಚಿನ್ನ, ಧೂಪ, ರಕ್ತಬೋಳ ಎಂಬ ಸುಗಂಧದ ಅಂಟು.

ಆದರೆ ಮಗನಿಗೆ ಇದನ್ನೂ ಕೇಳಿ. ಇಬ್ಬರೂ ಒಬ್ಬರದ್ದನ್ನೊಬ್ಬರು ನೋಡಿಕೊಂಡು ಬರೆದಂತೆ ಕಾಣುವುದಿಲ್ಲ. ಹಾಗಿದ್ದೂ ಎಷ್ಟು ವಿಷಯ ಕೂಡಿ ಬರುತ್ತವೆ ನೋಡಿ. ತಾಯಿ ಮರಿಯ, ನಿಶ್ಚಯವಾದ ಗಂಡು ಜೋಸೆಫ್, ಪವಿತ್ರಾತ್ಮರಿಂದ ಆದ ಗರ್ಭ, ಹೆರೋದನ ಕಾಲ, ಹುಟ್ಟಿದ್ದು ಬೆತ್ಲೆಹೇಮ್, ಬೆಳೆದದ್ದು ನಜರೇತ್. ಒಂದೇ ಮನೆಯ ಮದುವೆ ಬಗ್ಗೆ ಗಂಡಿನ ಕಡೆಯವರು ಒಂದು ಥರ, ಹೆಣ್ಣಿನ ಕಡೆಯವರು ಒಂದು ಥರ ಹೇಳುತ್ತಾರೆ. ಮದುವೆಯೇ ಆಗಿಲ್ಲ ಅಂತ ಯಾರೂ ಅನ್ನುವುದಿಲ್ಲ.

ಇನ್ನೊಂದು ಮಾತು. ನಮ್ಮ ವಿಶ್ವಾಸ ಶುರುವಾದದ್ದು ಗೋದಲಿಯಿಂದ ಅಲ್ಲ. ಹೊಸ ಒಡಂಬಡಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಬರೆದದ್ದು ಸಂತ ಪೌಲರ ಪತ್ರಗಳು. ಅವುಗಳಲ್ಲಿ ಜನನದ ಕತೆ ಇಲ್ಲ. ಸ್ತ್ರೀಯಿಂದ ಹುಟ್ಟಿದವರು ಅಂತ ಒಂದು ಕಡೆ ಹೇಳಿ ಮುಂದೆ ಹೋಗುತ್ತಾರೆ. ಮಾರ್ಕರ ಶುಭಸಂದೇಶ ಯೊರ್ದಾನ್ ನದಿಯ ಸ್ನಾನದೀಕ್ಷೆಯಿಂದಲೇ ತೆರೆದುಕೊಳ್ಳುತ್ತದೆ. ಶಿಷ್ಯರು ನಂಬಿದ್ದು ಶಿಲುಬೆಯ ಮೇಲೆ ಸತ್ತು ಎದ್ದವರನ್ನು. ಆ ನಂಬಿಕೆಯ ಬೆಳಕಿನಲ್ಲಿ ಹಿಂದಿರುಗಿ ತೊಟ್ಟಿಲನ್ನು ನೋಡಿದರು. ಹಾಗಾಗಿ ಜನಗಣತಿಯ ವರ್ಷ ತಪ್ಪಿದರೆ ವಿಶ್ವಾಸ ಕುಸಿಯುವುದಿಲ್ಲ.

ಹಾಗಾದರೆ ಈ ಕತೆ ಯಾಕೆ ಬೇಕು? ನನ್ನನ್ನು ಎಷ್ಟೋ ವರ್ಷದಿಂದ ಹಿಡಿದಿಟ್ಟಿರುವ ಒಂದು ಪದ ಇದೆ. ಅದನ್ನು ಹೇಳುತ್ತೇನೆ.

ಛತ್ರದಲ್ಲಿ ಜಾಗ ಇರಲಿಲ್ಲ ಅಂತ ಕನ್ನಡ ಬೈಬಲಿನಲ್ಲಿ ಓದುತ್ತೇವೆ. ಅಲ್ಲಿ ಲೂಕರು ಬಳಸಿದ ಗ್ರೀಕ್ ಪದ 'ಕತಾಲೂಮ'. ಇದೇ ಪದವನ್ನು ಅವರು ಕಡೆಯ ಭೋಜನದ ಕೋಣೆಗೂ ಬಳಸುತ್ತಾರೆ. ಅಲ್ಲಿ ಅದಕ್ಕೆ ಅರ್ಥ ಅತಿಥಿಗಳ ಕೋಣೆ. ಒಳ್ಳೆಯ ಸಮಾರಿಯದವನ ಕತೆಯಲ್ಲಿ ನಿಜವಾದ ಛತ್ರ ಬರುತ್ತದೆ. ಅದಕ್ಕೆ ಅವರು ಬೇರೆಯೇ ಪದ ಇಟ್ಟಿದ್ದಾರೆ. ಹಾಗಾಗಿ ಅನೇಕ ವಿದ್ವಾಂಸರು ಈಗ ಹೀಗೆ ಓದುತ್ತಾರೆ: ಜೋಸೆಫರ ಸಂಬಂಧಿಕರ ಮನೆ, ಅದರ ಅತಿಥಿ ಕೋಣೆ ತುಂಬಿತ್ತು. ಆ ಕಾಲದ ಹಳ್ಳಿ ಮನೆಗಳಲ್ಲಿ ಮನೆಯವರು ಮಲಗುವ ಜಾಗ ಸ್ವಲ್ಪ ಎತ್ತರ. ಅದೇ ಮಾಡಿನ ಕೆಳಗೆ ತಗ್ಗಿನಲ್ಲಿ ರಾತ್ರಿ ದನಕರು, ಕುರಿ. ಎರಡರ ನಡುವೆ ಹುಲ್ಲು ಹಾಕುವ ಗೋದಲಿ.

ನಮ್ಮ ಶಿರಸಿ, ಸಿದ್ದಾಪುರ ಕಡೆಯ ಹಳೆಯ ಮನೆ ನೆನಪಿಸಿಕೊಳ್ಳಿ. ಬಂದವರಿಗೆ ಜಗಲಿ. ಕುಡಿಯಲು ನೀರು, ಬೆಲ್ಲ ಕೊಟ್ಟು ಅಲ್ಲೇ ಕೂರಿಸಿ ಮಾತಾಡಿಸುತ್ತಾರೆ. ಒಳಗಿನ ಬಾಣಂತಿ ಕೋಣೆ, ಅಡುಗೆಮನೆ, ಹಿಂದಿನ ಕೊಟ್ಟಿಗೆ ಅತಿಥಿಗೆ ಕಾಣುವುದಿಲ್ಲ. ಅಲ್ಲಿ ಒದ್ದೆ ಬಟ್ಟೆ ನೇತಾಡುತ್ತಿರುತ್ತದೆ, ಅತ್ತೆ ಸೊಸೆ ಮಾತು ಬಿಟ್ಟಿರುತ್ತಾರೆ, ಸಗಣಿ ವಾಸನೆ ಇರುತ್ತದೆ. ಹೊರಗಿನವರ ಕಣ್ಣಿಗೆ ಬೀಳಬಾರದು ಅಂತ ನಾವು ಬಾಗಿಲು ಎಳೆದುಕೊಳ್ಳುವ ಜಾಗ ಅದು.

ಜಗಲಿಯಲ್ಲಿ ಜಾಗ ಇರಲಿಲ್ಲ. ಅದಕ್ಕೇ ದೇವರು ಒಳಗೆ ಹುಟ್ಟಿದರು.

ನನಗೆ ಈ ಜನನದ ಕತೆಯ ತಿರುಳು ಇದು. ವರ್ಷಕ್ಕೊಮ್ಮೆ ಮನೆ ಗುಡಿಸಿ, ಸುಣ್ಣ ಬಳಿದು, ನಕ್ಷತ್ರ ತೂಗುಹಾಕಿ ಬರಮಾಡಿಕೊಳ್ಳುವ ಅತಿಥಿ ಅಲ್ಲ ಅವರು. ನಾವು ಯಾರಿಗೂ ತೋರಿಸದ ಕಡೆಯೇ ಅವರ ತೊಟ್ಟಿಲು. ಕುರುಬರಿಗೆ ದೇವದೂತ ಕೊಟ್ಟ ಗುರುತು ಏನು ಹೇಳಿ? ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು. ಅಷ್ಟೇ. ಬಡವರ ಮನೆಯಲ್ಲಿ ಕಾಣುವಂಥದ್ದೇ. ನಲವತ್ತು ದಿನದ ಮೇಲೆ ದೇವಾಲಯಕ್ಕೆ ಹೋದಾಗಲೂ ಮರಿಯಮ್ಮನವರಿಂದ ಕುರಿಮರಿ ಕೊಡಲು ಆಗಲಿಲ್ಲ. ಕುರಿಮರಿಗೆ ಗತಿ ಇಲ್ಲದವರು ಎರಡು ಹಕ್ಕಿ ಕೊಟ್ಟರೆ ಸಾಕು ಅಂತ ಮೋಶೆಯ ನಿಯಮದಲ್ಲಿ ಇತ್ತು. ಲೂಕರು ಹೇಳುವುದು ಆ ಹಕ್ಕಿಗಳ ಕಾಣಿಕೆಯನ್ನೇ. ಬಡತನ ಅಂತ ಬಾಯಿಬಿಟ್ಟು ಹೇಳುವುದಿಲ್ಲ ಅವರು.

ಗೋದಲಿ ಕಟ್ಟು ಅಂತ ಮಗನನ್ನು ಒತ್ತಾಯ ಮಾಡಬೇಡಿ. ಲೂಕರ ಎರಡನೇ ಅಧ್ಯಾಯ ಒಂದು ಸಂಜೆ ಇಬ್ಬರೂ ಕೂತು ಓದಿ. ಅವನ ಪ್ರಶ್ನೆಗಳನ್ನು ಪೂರ್ತಿ ಕೇಳಿಸಿಕೊಳ್ಳಿ. ಮಧ್ಯೆ ಅಳು ಬಂದರೆ ಬರಲಿ. ಅದೂ ಮನೆಯ ಒಳಗಿನದ್ದೇ.

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಿಂದೂ ಗೃಹಸ್ಥ. ಪಕ್ಕದ ಮನೆಯವರು ಕ್ರೈಸ್ತರು, ಪ್ರತಿ ವರ್ಷ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಕಳಿಸುತ್ತಾರೆ. ನನಗೆ ಒಂದು ಸಂಶಯ. ಕಂಸ ಮಕ್ಕಳನ್ನು ಕೊಂದ, ಹೆರೋದನೂ ಕೊಂದ. ವಸುದೇವ ಮಗುವನ್ನು ಯಮುನೆ ದಾಟಿಸಿದ, ಜೋಸೆಫ್ ಈಜಿಪ್ಟಿಗೆ ಒಯ್ದ. ಎರಡೂ ಒಂದೇ ಕತೆ ಅಲ್ವಾ? ನಿಮ್ಮದೂ ಅವತಾರವೇ ಅಲ್ವಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿ ಆಯಿತು. ಎರಡೂ ಕತೆ ಗೊತ್ತಿದ್ದವರಿಗೆ ಮಾತ್ರ ಇದು ಹೊಳೆಯುತ್ತದೆ.

ಯಾರು ಯಾರಿಂದ ತೆಗೆದುಕೊಂಡರು ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಮತ್ತಾಯರು ಬರೆಯುವಾಗ ಅವರ ಮನಸ್ಸಿನಲ್ಲಿ ಇದ್ದದ್ದು ಮೋಶೆಯ ಕತೆ. ಈಜಿಪ್ಟಿನ ಫರೋಹ ಇಸ್ರಯೇಲರ ಗಂಡು ಕೂಸುಗಳನ್ನು ನೈಲ್ ನದಿಗೆ ಎಸೆಯಿರಿ ಅಂದಿದ್ದ. ಮೋಶೆ ಉಳಿದ. ಯೆಹೂದಿ ಓದುಗರಿಗೆ ಹೆರೋದನ ಹೆಸರು ಕೇಳಿದ ಕೂಡಲೇ ಫರೋಹ ನೆನಪಾಗುತ್ತಿದ್ದ, ನಿಮಗೆ ಕಂಸ ನೆನಪಾದ ಹಾಗೆ. ಕೂಸಿಗೆ ಹೆದರುವ ರಾಜ ಎಲ್ಲ ದೇಶದಲ್ಲೂ ಇದ್ದಾನೆ. ಮಗುವನ್ನು ಎದೆಗೆ ಅವಚಿಕೊಂಡು ಕತ್ತಲಲ್ಲಿ ಹೊರಡುವ ಅಪ್ಪನೂ ಇದ್ದಾನೆ.

'ಅವತಾರ' ಪದಕ್ಕೆ ನಮ್ಮವರೂ ಹಿಂಜರಿದಿಲ್ಲ. ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಹಳೆಯ ಕನ್ನಡ ಅನುವಾದಕರು 'ನರಾವತಾರ ಎತ್ತಿ' ಅಂತಲೇ ಬರೆದಿದ್ದಾರೆ. ಅದರ ಮುಂದಿನ ಗ್ರೀಕ್ ಪದಕ್ಕೆ ಗುಡಾರ ಹಾಕುವುದು ಅಂತ ಅರ್ಥ. 'ನಮ್ಮ ನಡುವೆ ಬಿಡಾರ ಹೂಡಿದರು' ಅಂದರೆ ಕನ್ನಡಕ್ಕೆ ಚೆನ್ನಾಗಿ ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ.

ಆದರೆ ಒಂದೇ ಅಂತ ಹೇಳಿ ನಿಮ್ಮನ್ನು ಮೆಚ್ಚಿಸಿದರೆ ಎರಡೂ ಕತೆಗೆ ಅನ್ಯಾಯ ಮಾಡಿದಂತೆ. ಅವತಾರಗಳು ಯುಗಯುಗದಲ್ಲಿ ಮತ್ತೆ ಮತ್ತೆ. ಇದು ಒಂದೇ ಸಲ ಅಂತ ನಾವು ನಂಬುತ್ತೇವೆ. ಕೃಷ್ಣ ಬೆಳೆದು ಮಥುರೆಗೆ ಹೋಗಿ ಕಂಸನನ್ನು ಕೊಲ್ಲುತ್ತಾನೆ. ಯೇಸು ಹೆರೋದನನ್ನು ಕೊಲ್ಲುವುದಿಲ್ಲ. ಹೆರೋದ ತನ್ನಷ್ಟಕ್ಕೆ ಸಾಯುತ್ತಾನೆ, ಅವನ ಮಗ ಗದ್ದುಗೆಗೆ ಬರುತ್ತಾನೆ. ಕೊನೆಗೆ ಕೊಲ್ಲಲ್ಪಟ್ಟವರು ಯೇಸುವೇ. ಜೋಯಿಸರ ಕಾಣಿಕೆಯಲ್ಲಿ ರಕ್ತಬೋಳ ಇತ್ತು ಅಂದೆನಲ್ಲ, ಯೊವಾನ್ನರು ಅದನ್ನೇ ಮತ್ತೆ ಹೆಸರಿಸುತ್ತಾರೆ, ಶವಕ್ಕೆ ಹಚ್ಚುವಾಗ. ತೊಟ್ಟಿಲಿನ ಪಕ್ಕದಲ್ಲೇ ಸಮಾಧಿಯ ವಾಸನೆ ಇಟ್ಟಿದ್ದಾರೆ ಮತ್ತಾಯರು. ಹಸಿವು, ಸುಸ್ತು, ಸಾವಿನ ಭಯ ಎಲ್ಲ ನಿಜವಾಗಿಯೂ ಅನುಭವಿಸಿದ ಪೂರ್ಣ ಮನುಷ್ಯ, ಜೊತೆಗೆ ಪೂರ್ಣ ದೇವರು. 451ರಲ್ಲಿ ಧರ್ಮಾಧ್ಯಕ್ಷರು ಸೇರಿದ್ದ ಕಾಲ್ಸೆದೋನ್ ಮಹಾಸಭೆ ಗಟ್ಟಿಮಾಡಿ ಹೇಳಿದ್ದು ಇದನ್ನೇ.

ಪಕ್ಕದ ಮನೆಯವರ ತಟ್ಟೆಯನ್ನು ಖಾಲಿ ವಾಪಸ್ ಕೊಡುವವರಲ್ಲ ನೀವು ಅಂತ ಗೊತ್ತು. ಈ ಸಲ ತಟ್ಟೆ ಕೊಡಲು ಹೋದಾಗ ಕೃಷ್ಣನ ಕತೆಯನ್ನೂ ಅವರಿಗೆ ಹೇಳಿ.

ಪ್ರಶ್ನೆ: ಹೊನ್ನಾವರ ಕಡೆಯ ಯುವಕರ ಗುಂಪು ನಮ್ಮದು. ವಾರ್ಡುಗಳ ಗೋದಲಿ ಸ್ಪರ್ಧೆಗೆ ಈ ಸಲ ಈಜಿಪ್ಟಿಗೆ ಓಡಿಹೋಗುವ ದೃಶ್ಯ ಮಾಡಿ, ಹಿನ್ನೆಲೆಯಲ್ಲಿ ನೀರಿನಲ್ಲಿ ಮುಳುಗಿದ ಊರು ತೋರಿಸಬೇಕು ಅಂತ ಇದ್ದೇವೆ. ಹಬ್ಬದಲ್ಲಿ ಇದೆಲ್ಲ ಬೇಡ ಅಂತ ಹಿರಿಯರು ಅಂತಾರೆ.

ಉತ್ತರ: ಮಾಡಿ. ಹಿರಿಯರ ಜೊತೆ ಕೂತು ಮಾತಾಡಿಯೇ ಮಾಡಿ.

ಕಾಳಿ ನದಿಯ ಅಣೆಕಟ್ಟಿಗೆ ಸೂಪಾ ಊರು ಮುಳುಗಿತು, ಜನ ರಾಮನಗರಕ್ಕೆ ಹೋದರು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, ಕಾರವಾರ–ಅಂಕೋಲಾ ನಡುವಿನ ಕಡಲಂಚಿನ ಹಳ್ಳಿಗಳು ಖಾಲಿಯಾದವು. ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ನಮ್ಮ ಜಿಲ್ಲೆಯಲ್ಲಿ ಎಲ್ಲ ಜಾತಿ ಧರ್ಮದಲ್ಲೂ ಇದ್ದಾರೆ. ಈಜಿಪ್ಟಿನ ವಾಚನ ಓದುವಾಗ ತಲೆ ತಗ್ಗಿಸಿ ಕೂರುವ ಒಬ್ಬ ಅಜ್ಜ ನನಗೆ ಗೊತ್ತು. ಅವರ ಮನೆಯ ಬಾವಿ, ತೆಂಗು ಎಲ್ಲ ಬೇಲಿಯ ಆಚೆ ಉಳಿದಿವೆ. ಪೂಜೆ ಮುಗಿದ ಮೇಲೆ ಒಮ್ಮೆ ಕೇಳಿದರು, "ಫಾದರ್, ಜೋಸೆಫರು ಆ ರಾತ್ರಿ ಬಾಗಿಲಿಗೆ ಬೀಗ ಹಾಕಿದ್ರೋ ಇಲ್ವೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೆರೋದ ಕೊಂದ ಮಕ್ಕಳ ನೆನಪನ್ನು ಧರ್ಮಸಭೆ ಡಿಸೆಂಬರ್ 28ಕ್ಕೇ ಇಟ್ಟಿದೆ, ಕ್ರಿಸ್‌ಮಸ್ ಆಗಿ ಮೂರೇ ದಿನಕ್ಕೆ. ಹಾಗಿರುವಾಗ ಹಬ್ಬದಲ್ಲಿ ದುಃಖ ಬೇಡ ಅನ್ನುವುದು ಹೇಗೆ?

ಒಂದೇ ಸಲಹೆ. ಥರ್ಮಕೋಲ್, ಲೈಟಿಗೆ ಜಾಸ್ತಿ ದುಡ್ಡು ಹಾಕಬೇಡಿ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೋ ಎಂಬಲ್ಲಿ ಗೋದಲಿ ಮಾಡಿದಾಗ ತರಿಸಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಊರಿನವರು ಪಂಜು ಹಿಡಿದು ಬಂದರು. ನಿಮ್ಮ ಹತ್ತಿರ ಹರಿದ ಬಲೆ, ಹಳೇ ದೋಣಿಯ ಹಲಗೆ ಇರುತ್ತವೆ ಅಲ್ವಾ? ಅವೇ ಸಾಕು.

ಪ್ರಶ್ನೆ: ನಾನು ಹಳಿಯಾಳದ ಸಿದ್ದಿ ಹುಡುಗಿ, ಪಿಯುಸಿ ಓದುತ್ತೇನೆ. ಅಂಗಡಿಯಲ್ಲಿ ಸಿಗುವ ಯೇಸುಕಂದ, ಮಾತೆ ಮರಿಯ ಎಲ್ಲ ಬೆಳ್ಳಗೆ, ನೀಲಿ ಕಣ್ಣು. ನಾವೇ ಮಣ್ಣಿನಲ್ಲಿ ಮಾಡಿ ನಮ್ಮ ಬಣ್ಣ ಹಚ್ಚಿದರೆ ತಪ್ಪಾ ಫಾದರ್?

ಉತ್ತರ: ತಪ್ಪಿಲ್ಲ ಮಗಳೇ. ಯೇಸು ಬೆಳ್ಳಗಿದ್ದರು ಅಂತ ಶುಭಸಂದೇಶದಲ್ಲಿ ಎಲ್ಲೂ ಇಲ್ಲ. ಅವರು ಪಶ್ಚಿಮ ಏಷ್ಯಾದ ಯೆಹೂದಿ. ನೀಲಿ ಕಣ್ಣು ಕೊಟ್ಟವರು ಯುರೋಪಿನ ಕಲಾವಿದರು. ತಮ್ಮ ಮನೆಯ ಮಗುವಿನ ಹಾಗೆ ಬರೆದುಕೊಂಡರು, ಅದರಲ್ಲಿ ತಪ್ಪು ಹುಡುಕುವುದು ಬೇಡ. ನೀನೂ ನಿನ್ನ ಮನೆಯ ಮಗುವಿನ ಹಾಗೆ ಮಾಡು. ಹೆರೋದನಿಗೆ ಹೆದರಿ ಹೊರಟ ಆ ಕುಟುಂಬಕ್ಕೆ ಆಶ್ರಯ ಸಿಕ್ಕಿದ್ದು ಆಫ್ರಿಕದ ನೆಲದಲ್ಲಿ. ಈಜಿಪ್ಟ್ ಇರುವುದು ಅಲ್ಲೇ. ನಿನ್ನ ಪೂರ್ವಜರು ಬಂದ ಖಂಡವೂ ಅದೇ.

ಮರಿಯಮ್ಮನವರಿಗೆ ನಿಮ್ಮ ಅಜ್ಜಿ ಉಡುವ ಹಾಗೆ ಸೀರೆ ಉಡಿಸು. ಮಣ್ಣು ನೆರಳಲ್ಲಿ ಒಣಗಲಿ, ಬಿಸಿಲಿಗಿಟ್ಟರೆ ಬಿರಿಯುತ್ತದೆ. ಜೋಯಿಸರನ್ನು 25ಕ್ಕೇ ಇಡಬೇಡ. ಜನವರಿ ಮೊದಲ ವಾರದ ತನಕ ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಸರಿಸುತ್ತಾ ಬಾ. ಮುಗಿದ ಮೇಲೆ ಒಂದು ಫೋಟೋ ಕಳಿಸು.